ಮನೆ ಕಾಯೋ ನಾಯಿ: ತಳಿ ಕೇಳುವ ಮೊದಲು ಮನೆ ನೋಡಿ

(ಪುಣೆಯ ಕನ್ನಡಿಗರ ಭಾನುವಾರದ ಕೂಟದಲ್ಲಿ ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

"ಡಾಕ್ಟ್ರೇ, ಮನೆ ಕಾಯೋಕೆ ಯಾವ ಜಾತಿ ನಾಯಿ ಒಳ್ಳೇದು?" ಕ್ಲಿನಿಕ್ಕಿನಲ್ಲಿ ಜನ ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಮದುವೆ ಮನೆಯಲ್ಲೂ ಬಿಡುವುದಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರು ಹೋಳಿಗೆ ಮುರಿಯುತ್ತಾ ಕೇಳುತ್ತಾರೆ. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ನಿಮಗೆ ಯಾರ ಭಯ?

ತಮಾಷೆಗೆ ಕೇಳುವುದಲ್ಲ. ಇಲ್ಲಿ ಕೂತವರನ್ನೇ ತೆಗೆದುಕೊಳ್ಳಿ. ಕೋಥ್ರೂಡಿನ ಮೂರನೇ ಮಹಡಿಯ ಫ್ಲ್ಯಾಟಿನವರು ಇದ್ದೀರಿ. ಕೆಳಗೆ ವಾಚ್‌ಮನ್, ಗೇಟಿಗೆ ಕ್ಯಾಮೆರಾ. ವಾಕಡ್ ಕಡೆ ರೋ ಹೌಸಿನಲ್ಲಿ ಇರುವವರು ಇದ್ದೀರಿ. ಗಂಡ ಹೆಂಡತಿ ಇಬ್ಬರೂ ಹಿಂಜವಡಿಯ ಆಫೀಸಿಗೆ ಹೋದರೆ ಮನೆಗೆ ಬರುವುದು ರಾತ್ರಿಗೆ. ಮುಳಶಿ ಹತ್ತಿರ ಅರ್ಧ ಎಕರೆ ತೆಗೆದುಕೊಂಡು ಸಣ್ಣ ಮನೆ ಕಟ್ಟಿ, ಶನಿವಾರ ಭಾನುವಾರ ಮಾತ್ರ ಹೋಗಿ ಬರುವವರೂ ಇದ್ದೀರಿ. ಇನ್ನು ಕೆಲವರಿಗೆ ನಾಯಿ ಬೇಕಿರುವುದು ಇಲ್ಲಿಗಲ್ಲ, ಊರಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನಿಗೆ. ಈ ನಾಲ್ಕು ಮನೆಗೂ ಒಂದೇ ನಾಯಿ ಹೇಗೆ ಹೊಂದುತ್ತದೆ?

ಕಾಯುವುದು ಅಂದರೆ ಎರಡು ಬೇರೆ ಬೇರೆ ಕೆಲಸ. ಯಾರೋ ಬಂದರು ಅಂತ ತಿಳಿಸುವುದು ಒಂದು. ಬಂದವನನ್ನು ತಡೆಯುವುದು ಇನ್ನೊಂದು. ತಿಳಿಸುವ ಕೆಲಸವನ್ನು ಹೆಚ್ಚುಕಡಿಮೆ ಎಲ್ಲ ನಾಯಿಗಳೂ ಮಾಡುತ್ತವೆ. ನಮ್ಮ ಅಪ್ಪಂದಿರ ಕಾಲದಲ್ಲಿ ಮನೆ ಮನೆಯಲ್ಲೂ ಒಂದು ಬಿಳಿ ಪಾಮೇರಿಯನ್ ಇರುತ್ತಿತ್ತಲ್ಲ, ನಿಜವಾಗಿ ಅದು ಇಂಡಿಯನ್ ಸ್ಪಿಟ್ಜ್. ಮೊಣಕಾಲಿನ ಎತ್ತರವೂ ಇಲ್ಲ. ಅದಿರುವ ಮನೆಗೆ ಪೋಸ್ಟ್‌ಮನ್ ಕೂಡ ಸದ್ದಿಲ್ಲದೆ ಬರೋಕೆ ಆಗುತ್ತಿರಲಿಲ್ಲ. ತಡೆಯುವ ಕೆಲಸಕ್ಕೆ ಮಾತ್ರ ಮೈಕಟ್ಟು ಬೇಕು, ಧೈರ್ಯ ಬೇಕು, ಅದಕ್ಕಿಂತ ಜಾಸ್ತಿ "ಸಾಕು, ಬಿಡು" ಅಂದ ತಕ್ಷಣ ನಿಲ್ಲುವ ತರಬೇತಿ ಬೇಕು. ಆ ತರಬೇತಿ ಕೊಡಲು ಎಷ್ಟು ಮನೆಯವರಿಗೆ ಪುರುಸೊತ್ತಿದೆ?

ಮನೆಗೆ ಕನ್ನ ಹಾಕುವವನಿಗೆ ಬೇಕಿರುವುದು ಸದ್ದಿಲ್ಲದ ಮನೆ. ನಾಯಿ ಬೊಗಳಿತು, ಪಕ್ಕದ ಮನೆಯ ಲೈಟ್ ಹತ್ತಿತು ಅಂದರೆ ಅವನು ಮುಂದಿನ ಬೀದಿಗೆ ಹೋಗುತ್ತಾನೆ. ಹಾಗಾಗಿ ಊರೊಳಗಿನ ಮನೆಗಳಿಗೆ ನಾನು ಹೇಳುವುದು ಇಷ್ಟೇ: ಗಂಟಲು ಗಟ್ಟಿ ಇರುವ, ಮನೆಯವರು ಯಾರು, ಹೊರಗಿನವರು ಯಾರು ಅಂತ ತಿಳಿಯುವ ನಾಯಿ ಸಾಕು. ಕಚ್ಚುವ ನಾಯಿ ಬೇಡ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆ ಕಟ್ಟಿದವರು ಪಶುವೈದ್ಯರಂತೂ ಆಗಿರಲಿಕ್ಕಿಲ್ಲ. ನನ್ನ ಎಡಗೈ ನೋಡಿದರೆ ಗೊತ್ತಾಗುತ್ತೆ. ಕಚ್ಚಿದರೆ ಮುಂದೆ ಏನು ಅನ್ನುವುದೂ ತಿಳಿದಿರಲಿ. ನಿಮ್ಮ ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಚ್ಚಿಸಿಕೊಂಡವನು ಕಳ್ಳನೇ ಆಗಿರಬೇಕು ಅಂತೇನೂ ಇಲ್ಲವಲ್ಲ. ಸಾಮಾನ್ಯವಾಗಿ ಅವನು ಪಾರ್ಸೆಲ್ ತಂದ ಹುಡುಗ ಆಗಿರುತ್ತಾನೆ.

ಇಷ್ಟು ಹೇಳಿದ ಮೇಲೂ ಜಾತಿ ಹೆಸರು ಹೇಳಿ ಅನ್ನುತ್ತೀರಿ. ಸರಿ, ಹೇಳುತ್ತೇನೆ.

ಜರ್ಮನ್ ಶೆಫರ್ಡ್. ಜನ ಮೊದಲು ಕೇಳುವ ಹೆಸರು, ಅದಕ್ಕೆ ಕಾರಣವೂ ಇದೆ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಅನ್ನುವ ಸೈನ್ಯದ ಅಧಿಕಾರಿ ಈ ತಳಿಗೆ ಒಂದು ರೂಪ ಕೊಟ್ಟ. ಮೂಲದಲ್ಲಿ ಇದು ಕುರಿ ಕಾಯುವ ನಾಯಿ. ಬೇಲಿ ಇಲ್ಲದ ಹೊಲದ ಅಂಚಿನಲ್ಲಿ ಇಡೀ ದಿನ ಓಡಾಡಿ, ಕುರಿ ಪಕ್ಕದ ಬೆಳೆಗೆ ಬಾಯಿ ಹಾಕದಂತೆ ನೋಡಿಕೊಳ್ಳುವುದು ಅದರ ಕೆಲಸ. ನಿಮ್ಮ ಮನೆಯ ಶೆಫರ್ಡ್ ಕಾಂಪೌಂಡಿನ ಉದ್ದಕ್ಕೂ ಒಂದೇ ದಾರಿಯಲ್ಲಿ ಸುತ್ತಿ ಸುತ್ತಿ ಹುಲ್ಲು ಸವೆಸುತ್ತದಲ್ಲ, ಅದು ಆ ಬುದ್ಧಿಯೇ. ಹೇಳಿದ್ದು ಬೇಗ ಕಲಿಯುತ್ತದೆ. ಮನೆಯವರ ಮೇಲೆ ಜೀವ ಇಟ್ಟುಕೊಳ್ಳುತ್ತದೆ. ಆದರೆ ದಿನಕ್ಕೆ ಎರಡು ಹೊತ್ತು ಸರಿಯಾದ ಓಡಾಟ, ತಲೆಗೊಂದಿಷ್ಟು ಕೆಲಸ ಬೇಕೇ ಬೇಕು. ಇಲ್ಲದಿದ್ದರೆ ಗೇಟಿನ ಮುಂದೆ ಹೋದ ಸೈಕಲ್ಲಿಗೂ ಬೊಗಳುವ ನಾಯಿ ಆಗುತ್ತದೆ. ಕೂದಲಂತೂ ವರ್ಷವಿಡೀ ಉದುರುತ್ತದೆ, ಸಾರಿನಲ್ಲೂ ಸಿಗುತ್ತದೆ ಅಂತ ಗಟ್ಟಿ ಮನಸ್ಸು ಮಾಡಿಕೊಳ್ಳಿ.

ಇನ್ನೊಂದು ಮಾತು. ಮರಿ ಮಾರುವವರು "ಡಬಲ್ ಕೋಟ್, ಡಬಲ್ ಬೋನ್, ಇಂಪೋರ್ಟ್ ಲೈನ್" ಅಂತ ಹಾಡುತ್ತಾರೆ. ಡಬಲ್ ಬೋನ್ ಅಂತ ಯಾವ ನಾಯಿಗೂ ಇಲ್ಲ. ಎಲ್ಲಕ್ಕೂ ಇರುವುದು ಒಂದೇ ಎಲುಬಿನ ಗೂಡು. ನೀವು ನೋಡಬೇಕಾದ್ದು ಅಪ್ಪ ಅಮ್ಮ ನಾಯಿಗಳ ಸೊಂಟ. ಈ ತಳಿಗೆ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರುತ್ತದೆ. ಬೆನ್ನು ತೀರಾ ಇಳಿಜಾರಾಗಿ, ಹಿಂದಿನ ಕಾಲು ಮಡಿಸಿಕೊಂಡೇ ನಡೆಯುವ ತಾಯಿಯ ಮರಿ ತರಬೇಡಿ. ಫೋಟೋದಲ್ಲಿ ಚಂದ ಕಾಣಬಹುದು, ಆರು ವರ್ಷಕ್ಕೆ ಮೆಟ್ಟಿಲು ಹತ್ತಲು ಒದ್ದಾಡುತ್ತದೆ.

ಡಾಬರ್‌ಮನ್ ಹುಟ್ಟಿದ್ದೇ ಕಾವಲಿಗೆ. ಜರ್ಮನಿಯ ಅಪೋಲ್ಡಾ ಊರಿನಲ್ಲಿ ಕರ ವಸೂಲಿ ಮಾಡುತ್ತಿದ್ದ ಡಾಬರ್‌ಮನ್ ಅನ್ನುವವನು 19ನೇ ಶತಮಾನದ ಕೊನೆಗೆ ತನ್ನ ಜೊತೆಗಿರಲಿ ಅಂತ ಬೆಳೆಸಿದ ನಾಯಿ. ಕರ ವಸೂಲಿಗೆ ಹೋಗುವವನಿಗೆ ಎಂಥ ನಾಯಿ ಬೇಕು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಕೂದಲು ಗಿಡ್ಡ, ನಮ್ಮ ಸೆಕೆಗೆ ಪರವಾಗಿಲ್ಲ. ಆದರೆ ಈ ನಾಯಿಗೆ ಒಂಟಿತನ ಒಗ್ಗುವುದಿಲ್ಲ, ಮನುಷ್ಯರ ಮೈಗೆ ಮೈ ತಾಗಿಸಿಕೊಂಡೇ ಇರಬೇಕು. ಹಗಲೆಲ್ಲಾ ಬೀಗ ಹಾಕುವ ಮನೆಗೆ ತರಬೇಡಿ. ವಯಸ್ಸಾದಂತೆ ಹೃದಯದ ಸ್ನಾಯು ಸೋಲುವ ಕಾಯಿಲೆ ಈ ತಳಿಯಲ್ಲಿ ಜಾಸ್ತಿ, ಹಾಗಾಗಿ ಪರೀಕ್ಷೆ ತಪ್ಪಿಸಬೇಡಿ. ಕಿವಿ ಕತ್ತರಿಸಿ ನೆಟ್ಟಗೆ ನಿಲ್ಲಿಸಿ ಅಂತ ಮಾತ್ರ ನನ್ನ ಹತ್ತಿರ ಬರಬೇಡಿ. ಜೋತುಬಿದ್ದ ಕಿವಿಯ ಡಾಬರ್‌ಮನ್‌ಗೂ ಕಳ್ಳನ ಸದ್ದು ಅಷ್ಟೇ ಚೆನ್ನಾಗಿ ಕೇಳಿಸುತ್ತದೆ.

ಈಗ ರಾಟ್‌ವೈಲರ್. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳಿಗೆ ಕಡಿವಾಣ ಹಾಕಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಗಲಾಟೆಯಲ್ಲಿ ಒಂದು ಕಡೆಯವರು ಈ ನಾಯಿ ರಾಕ್ಷಸ ಅಂದರು, ಇನ್ನೊಂದು ಕಡೆಯವರು ಹಸುಗೂಸು ಅಂದರು. ಎರಡೂ ಅಲ್ಲ. ದನ ಹೊಡೆದುಕೊಂಡು ಹೋಗಲು, ಗಾಡಿ ಎಳೆಯಲು ಬೆಳೆಸಿದ ನಾಯಿ ಅದು. ಬಲಿತ ಗಂಡು 50 ಕಿಲೋ ತೂಗುತ್ತದೆ. 50 ಕಿಲೋ ನಾಯಿ ತಪ್ಪು ತಿಳಿದುಕೊಂಡರೆ ಆ ತಪ್ಪೂ 50 ಕಿಲೋದ್ದೇ.

ಹೆಸರು ಬೇಡ, ಒಂದು ರೋ ಹೌಸಿನ ಕಥೆ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಒಳ್ಳೆಯ ಜನ. ರಾಟ್‌ವೈಲರ್ ಮರಿ ತಂದರು. ಬೆಳಗ್ಗೆ ಪಾರ್ಕಿಂಗ್ ಜಾಗದ ಗ್ರಿಲ್ಲಿಗೆ ಕಟ್ಟಿ ಹೋಗುವುದು, ರಾತ್ರಿ ಬಂದು ಬಿಚ್ಚುವುದು. ಹಗಲೆಲ್ಲಾ ಅದಕ್ಕೆ ಕಾಣಿಸುತ್ತಿದ್ದದ್ದು ರಸ್ತೆ. ಯಾರು ಹೋದರೂ ಅದು ಬೊಗಳುವುದು, ಅವರು ಮುಂದೆ ಹೋಗುವುದು. ನಾಯಿಯ ಲೆಕ್ಕದಲ್ಲಿ ಏನಾಯಿತು ನೋಡಿ: "ನಾನು ಬೊಗಳಿದೆ, ಅವನು ಓಡಿದ." ದಿನಕ್ಕೆ ನೂರು ಸಲ ಗೆದ್ದ ನಾಯಿ ಅದು. ಒಂದೂವರೆ ವರ್ಷ ಆಗುವ ಹೊತ್ತಿಗೆ ಮನೆಯೊಡತಿಯ ಸ್ವಂತ ತಮ್ಮನನ್ನೇ ಒಳಗೆ ಬಿಡಲಿಲ್ಲ. ಮನೆಗೆಲಸದವಳು ಕೆಲಸ ಬಿಟ್ಟು ಹೋದಳು. ನನ್ನ ಹತ್ತಿರ ತಂದಾಗ ಪಟ್ಟಿಯ ಕೆಳಗೆ ಕೊರಳಿನ ಸುತ್ತ ಕೂದಲೇ ಇರಲಿಲ್ಲ. ಚರ್ಮ ಸವೆದು ಕಪ್ಪಗೆ ದಪ್ಪ ಆಗಿತ್ತು. ಅವರು ಕೇಳಿದ್ದು, "ಡಾಕ್ಟ್ರೇ, ಈ ಜಾತಿನೇ ಹೀಗಾ?"

ಯಾವ ಜಾತಿಯನ್ನು ಹಾಗೆ ಕಟ್ಟಿದರೂ ಹಾಗೇ ಆಗುತ್ತದೆ. ಇದು ಕಾನೂನಿನ ಮಾತು ಕೂಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂನಲ್ಲಿ ಗಿಡ್ಡ ಸರಪಳಿಗೆ ಗಂಟೆಗಟ್ಟಲೆ ಕಟ್ಟಿಹಾಕುವುದನ್ನೂ, ಕಟ್ಟಿ ಸಾಕುವ ನಾಯಿಗೆ ಓಡಾಟ ಕೊಡದಿರುವುದನ್ನೂ ಕ್ರೌರ್ಯದ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಬರೆದಿದ್ದಾರೆ.

ಲ್ಯಾಬ್ರಡಾರ್ ಬಗ್ಗೆ ಒಂದೇ ಸಾಲು: ಮಕ್ಕಳಿರುವ ಮನೆಗೆ ಬಂಗಾರ, ಕಾವಲಿಗೆ ಅದರ ದಪ್ಪ ದನಿ ಬಿಟ್ಟರೆ ಬೇರೇನೂ ಇಲ್ಲ. ಹಸ್ಕಿ, ಸೇಂಟ್ ಬರ್ನಾರ್ಡ್ ಕೇಳುವವರಿಗೆ ಅರ್ಧ ಸಾಲು ಸಾಕು: ಮುಂಬೈ, ಪುಣೆಯ ಮೇ ತಿಂಗಳಲ್ಲಿ ಅದು ಪಾಪ.

ಇನ್ನು ನಮ್ಮ ಮುಧೋಳ. ನಾನು ಬಾಗಲಕೋಟೆ ಕಡೆಯವನು, ಸ್ವಲ್ಪ ಪಕ್ಷಪಾತ ಇದ್ದರೆ ಸಹಿಸಿಕೊಳ್ಳಿ. ಇಲ್ಲಿ ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನ್ ಅನ್ನುತ್ತಾರೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ತನ್ನ ಸೀಮೆಯ ಬೇಡರ ಹತ್ತಿರ ಇದ್ದ ಬೇಟೆ ನಾಯಿಗಳನ್ನು ಕಂಡು ತಳಿ ಬೆಳೆಸಿದ. ಇಂಗ್ಲೆಂಡಿನ ಐದನೇ ಜಾರ್ಜ್‌ಗೂ ಉಡುಗೊರೆ ಕೊಟ್ಟ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿತು. 2016ರಲ್ಲಿ ಸೈನ್ಯದವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿಗೆ ಹಾಕಿದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ಇಷ್ಟೆಲ್ಲಾ ಕೇಳಿ, ಅಭಿಮಾನ ಉಕ್ಕಿ, ಫ್ಲ್ಯಾಟಿಗೆ ಮುಧೋಳ ತರಬೇಡಿ. ಇದು ಕಣ್ಣಿನಿಂದ ಬೇಟೆ ಹುಡುಕುವ ನಾಯಿ. ಮೂಗಿಗಿಂತ ಕಣ್ಣು ಚುರುಕು. ದೂರದಲ್ಲಿ ಬೆಕ್ಕು ಅಲುಗಾಡಿದರೆ ಮುಗಿಯಿತು, ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮನೆಗೆ ಬಂದ ಹೊಸಬರ ಜೊತೆ ಅದು ಹೇಗಿರುತ್ತದೆ ಗೊತ್ತಾ? ನೆಗೆಯುವುದಿಲ್ಲ, ಬಾಲವನ್ನೂ ಅಲ್ಲಾಡಿಸುವುದಿಲ್ಲ. ಮುಟ್ಟಲು ಕೈ ಚಾಚಿದರೆ ಕಚ್ಚುವುದಿಲ್ಲ. ಬೆನ್ನು ಬಳುಕಿಸಿ ಕೈ ಕೆಳಗಿಂದ ಜಾರಿಕೊಂಡು ಎರಡು ಮಾರು ದೂರ ನಿಂತು, ಕತ್ತು ಪಕ್ಕಕ್ಕೆ ತಿರುಗಿಸಿ ಓರೆಗಣ್ಣಲ್ಲಿ ನೋಡುತ್ತದೆ. ಮನೆಯವರು "ಬಾ" ಅಂದರೂ ಬರುವುದಿಲ್ಲ. ಬಂದವರು ಎದ್ದು ಹೋಗುವ ತನಕ ಅಲ್ಲೇ ನಿಂತಿರುತ್ತದೆ. ತೋಟ ಇದೆ, ಬೇಲಿ ಎತ್ತರ ಇದೆ, ಬೆಳಗ್ಗೆ ಬಿಟ್ಟು ಓಡಿಸಲು ಜಾಗ ಇದೆ ಅನ್ನುವವರಿಗೆ ಇದಕ್ಕಿಂತ ಅಗ್ಗದ ಆರೋಗ್ಯದ ನಾಯಿ ಇಲ್ಲ. ತರುವವರು ಒಂದು ನೆನಪಿಡಿ: ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಮದ್ದು ಈ ಬಗೆಯ ನಾಯಿಗಳಿಗೆ ಬೇಗ ಇಳಿಯುವುದಿಲ್ಲ. ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಮುಳಶಿಯ ವಾರದ ಮನೆಯವರು ಈಗ ಕಿವಿ ನೆಟ್ಟಗೆ ಮಾಡಿದ್ದೀರಿ. ನಿಮಗೆ ನಾನು ಯಾವ ನಾಯಿಯನ್ನೂ ಹೇಳುವುದಿಲ್ಲ. ಐದು ದಿನ ಯಾರೂ ಇಲ್ಲದ ಮನೆಗೆ ನಾಯಿ ಇಟ್ಟು, ಪಕ್ಕದ ಹೊಲದವನಿಗೆ ಊಟ ಹಾಕು ಅಂದರೆ ಅದು ಪಕ್ಕದ ಹೊಲದವನ ನಾಯಿ. ಮೇಲಾಗಿ ಈ ಜಿಲ್ಲೆಯಲ್ಲಿ ಚಿರತೆ ಇದೆ. ಜುನ್ನರ್ ಕಡೆ ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಹಿಮಾಲಯದ ಕುರಿಗಾಹಿಗಳು ನಾಯಿಯ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುವುದು ಸುಮ್ನೆ ಅಲ್ಲ. ತೋಟದಲ್ಲೇ ವಾಸ ಇರುವವರೂ ಅಷ್ಟೇ, ರಾತ್ರಿ ನಾಯಿ ಬಾಗಿಲ ಒಳಗಿರಲಿ. ಒಳಗಿಂದಲೇ ಬೊಗಳುತ್ತದೆ, ಅಷ್ಟು ಸಾಕು.

ಈಗ ಬೀದಿ ನಾಯಿ. ಕೆಲವರು ಮುಖ ಸಿಂಡರಿಸಿದ್ದು ನನಗೆ ಇಲ್ಲಿಂದ ಕಾಣಿಸಿತು. ನನ್ನನ್ನು ಕೇಳಿದರೆ ಈ ಸಭಾಂಗಣದಲ್ಲಿರುವ ಮುಕ್ಕಾಲು ಪಾಲು ಮನೆಗೆ ಸರಿಹೊಂದುವ ಕಾವಲು ನಾಯಿ ಇದೇ. ಈ ನೆಲದ ಮಳೆ, ಸೆಕೆ ಎರಡೂ ಅದಕ್ಕೆ ಗೊತ್ತು. ತಳಿ ಕಟ್ಟುವವರ ಚಪಲದಿಂದ ಬರುವ ಸೊಂಟ, ಹೃದಯ, ಚರ್ಮದ ಕಾಯಿಲೆಗಳು ಕಡಿಮೆ. ತನ್ನ ಜಾಗ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ. ಸಹಕಾರ ನಗರದಲ್ಲಿ ನೆಲಮಹಡಿಯಲ್ಲಿರುವ ನಿವೃತ್ತ ದಂಪತಿ ತಮ್ಮ ಗಲ್ಲಿಯ ಒಂದು ಹೆಣ್ಣು ನಾಯಿಯನ್ನೇ ಒಳಗೆ ಕರೆದುಕೊಂಡರು. ಅದರ ಬೊಗಳಿನಲ್ಲೇ ಅವರಿಗೆ ಯಾರು ಬಂದರು ಅಂತ ತಿಳಿಯುತ್ತದೆ. ಹಾಲಿನವನಿಗೆ ಒಂದು ಸಣ್ಣ ಗುರ್. ಗುರುತಿದ್ದವರಿಗೆ ಎರಡು ಬೊಗಳು, ಆಮೇಲೆ ಬಾಲ. ಹೊಸಬನಿಗೆ ನಿಲ್ಲಿಸದ ಬೊಗಳು, ಅದೂ ಬಾಗಿಲಿಗೆ ಅಡ್ಡ ನಿಂತು. ಆಕೆ ಅಡುಗೆಮನೆಯಿಂದಲೇ "ರೀ, ಯಾರೋ ಹೊಸಬರು ನೋಡಿ" ಅನ್ನುತ್ತಾರೆ.

ಕುಂದೂ ಇದೆ. ಬೀದಿಯಲ್ಲಿ ಕಲ್ಲೇಟು ತಿಂದು ಬೆಳೆದ ನಾಯಿಗೆ ಕೆಲವು ಸಲ ಭಯ ಹೋಗುವುದೇ ಇಲ್ಲ. ಊಟದ ತಟ್ಟೆ ಮುಟ್ಟಿದರೆ ಸಿಟ್ಟಾಗುವುದು, ಬಾಗಿಲು ತೆರೆದರೆ ಓಡಿಹೋಗುವುದು ಇರುತ್ತದೆ. ಆದ್ದರಿಂದ ನಾಲ್ಕು ದಿನ ದೂರದಿಂದ ನೋಡಿ. ಮಕ್ಕಳು ಹತ್ತಿರ ಬಂದರೆ ಹೇಗಿರುತ್ತದೆ, ಸ್ಕೂಟರ್ ಬಂದರೆ ಏನು ಮಾಡುತ್ತದೆ, ಇದೆಲ್ಲಾ ಪುಕ್ಕಟೆಯಾಗಿ ಕಾಣುತ್ತದೆ. ಯಾವ ಬ್ರೀಡರ್ ನಿಮಗೆ ಇಷ್ಟು ತೋರಿಸುತ್ತಾನೆ?

ನಿಷ್ಠೆ ಅಂದರೆ ನೆನಪಾಗುವ ಒಂದು ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಕ್ರಿ.ಶ. 949ರ ಕಾಲದ್ದು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಹೋದಾಗ ನೋಡಿ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಕಡೆಯವರು ಚೋಳರನ್ನು ಸೋಲಿಸಿದಾಗ ಮಣಲೆರ ಅನ್ನುವ ವೀರ ಚೆನ್ನಾಗಿ ಕಾದಾಡಿದ. ರಾಜ ಮೆಚ್ಚಿ ಏನು ಬೇಕು ಕೇಳು ಅಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಜಾಗ ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತಲೂ ಕೆತ್ತಿಸಿದರು. ಗೊರವ ಅಂದಾಗ ಇಲ್ಲಿನವರಿಗೆ ಜೇಜುರಿ ನೆನಪಾಗಬೇಕು. ಗೊರವರ ದೇವರಾದ ನಮ್ಮ ಮೈಲಾರಲಿಂಗನೇ ಇಲ್ಲಿಯ ಖಂಡೋಬ, ಅವನ ಜೊತೆಗೂ ನಾಯಿ ಇದೆ. ಸರಿ, ದಾರಿ ತಪ್ಪಿದೆ. ನಾನು ಹೇಳಹೊರಟಿದ್ದು ಇಷ್ಟು: ಮಣಲೆರ "ನನಗೊಂದು ಒಳ್ಳೆ ಜಾತಿ ನಾಯಿ ಕೊಡಿ" ಅನ್ನಲಿಲ್ಲ. ಕಾಳಿಯನ್ನೇ ಕೊಡಿ ಅಂದ. ನಾಯಿ ಯಾವುದು ಅಂತ ಅವನಿಗೆ ಗೊತ್ತಿತ್ತು.

ನೀವೂ ಹಾಗೇ ಮಾಡಿ. ಮರಿ ತರುವುದಾದರೆ ತಾಯಿಯನ್ನು ನೋಡಿ. ತಾಯಿ ತೋರಿಸಲ್ಲ ಅಂದರೆ ಎದ್ದು ಬನ್ನಿ. ಹೊಸಬರನ್ನು ಕಂಡು ಮೂಲೆಗೆ ಸೇರುವ ಅಥವಾ ಹಲ್ಲು ಕಿರಿಯುವ ತಾಯಿಯ ಮರಿ ಬೇಡ. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ನಿಯಮವೇ ಇದೆ. ಆದರೂ ಮೂವತ್ತು ದಿನದ ಮರಿಯನ್ನು ಶೂ ಡಬ್ಬಿಯಲ್ಲಿಟ್ಟು ಕೊಡುವವರು ಇದ್ದಾರೆ. ಅಂಥ ಮರಿಗೆ ತಾಯಿ, ಒಡಹುಟ್ಟಿದವುಗಳ ಜೊತೆ ಆಡಿ ಎಷ್ಟು ಕಚ್ಚಿದರೆ ನೋವಾಗುತ್ತೆ ಅನ್ನುವ ಪಾಠವೇ ಆಗಿರುವುದಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ. ಸುಮಾರು 3ನೇ ವಾರದಿಂದ 14ನೇ ವಾರದವರೆಗೆ ಮರಿ ಕಂಡದ್ದೆಲ್ಲಾ ಅದಕ್ಕೆ ಮಾಮೂಲಿ, ಆಮೇಲೆ ಕಂಡದ್ದೆಲ್ಲಾ ಅನುಮಾನ. ಲಸಿಕೆ ಮುಗಿದಿಲ್ಲ ಅಂತ ಆ ದಿನಗಳನ್ನೆಲ್ಲಾ ಮನೆಯೊಳಗೆ ಕಳೆದುಬಿಟ್ಟರೆ ಮುಂದೆ ಕಷ್ಟ. ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ಹೋಗಿ. ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು, ರಿಕ್ಷಾ, ಲಿಫ್ಟ್ ಎಲ್ಲಾ ತೋರಿಸಿ. ಪುಣೆಯಲ್ಲಿ ಇದ್ದೀವಿ, ಗಣಪತಿಗೆ ತಿಂಗಳುಗಟ್ಟಲೆ ಮೊದಲೇ ಢೋಲ್ ತಾಶಾ ಅಭ್ಯಾಸ ಶುರುವಾಗುತ್ತದೆ. ದೂರದಿಂದ ಕೇಳಿಸಿ, ಬಾಯಿಗೆ ಏನಾದರೂ ತಿನ್ನಲು ಕೊಡುತ್ತಾ ಇರಿ. ಢೋಲ್ ಸದ್ದಿಗೆ ಮಂಚದ ಕೆಳಗೆ ಸೇರುವ ನಾಯಿ ನಿಮ್ಮನ್ನೇನು ಕಾಯುತ್ತದೆ? ಎಲ್ಲರನ್ನೂ ಕಂಡು ಅಭ್ಯಾಸವಾದರೆ ಕಳ್ಳನಿಗೂ ಬಾಲ ಅಲ್ಲಾಡಿಸುತ್ತೆ ಅಂತ ಕೆಲವರು ಹೆದರುತ್ತಾರೆ. ಉಲ್ಟಾ. ಮಾಮೂಲಿ ಏನು ಅಂತ ಗೊತ್ತಿರುವ ನಾಯಿಗೆ ಮಾತ್ರ ಮಾಮೂಲಿ ಅಲ್ಲದ್ದು ಗೊತ್ತಾಗುತ್ತದೆ.

ಇನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು. ನಾಯಿಗೆ ಒಬ್ಬ ಕೆಲಸ ಹೇಳಿದರೆ ಅದು ತನ್ನ ಬಾಲಕ್ಕೆ ಹೇಳಿತಂತೆ. ಹಾಗೆ ಅಪ್ಪ ಮಗನಿಗೆ, ಮಗ ಅಮ್ಮನಿಗೆ, ಅಮ್ಮ ಕೆಲಸದವಳಿಗೆ ಹೇಳುವ ಮನೆಯಲ್ಲಿ ನಾಯಿ ಬೇಡ. ಬೆಳಗ್ಗೆ ಆರಕ್ಕೆ ಬೆಲ್ಟ್ ಹಿಡಿದು ಇಳಿಯುವವರು ಯಾರು ಅಂತ ಮೊದಲು ಗೊತ್ತಾಗಲಿ. ಆ ವ್ಯಕ್ತಿಯ ತೋಳಿನ ಬಲ ನೋಡಿ ನಾಯಿಯ ಸೈಜು ಆರಿಸಿ. ಮಹಾನಗರಪಾಲಿಕೆಯ ಲೈಸೆನ್ಸ್ ಮಾಡಿಸಿ, ರೇಬೀಸ್ ಲಸಿಕೆ ವರ್ಷ ತಪ್ಪಿಸಬೇಡಿ. ಮಳೆಗಾಲದಲ್ಲಿ ರಕ್ತ ಹೀರುವ ಉಣ್ಣೆಹುಳ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಇದೆಯಾ ಅಂತ ದಿನಾ ಬೆರಳು ಹಾಕಿ ನೋಡಿ. ಉಣ್ಣೆ ಜ್ವರಕ್ಕೆ ಇಲ್ಲಿ ಎಷ್ಟೋ ಗಟ್ಟಿಮುಟ್ಟಾದ ನಾಯಿಗಳು ಹೋಗುತ್ತವೆ. ಸೊಸೈಟಿಯವರು ನಾಯಿಯನ್ನೇ ಸಾಕಬೇಡಿ ಅಂದರೆ ಹೆದರಬೇಡಿ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಹಾಗೆ ನಿಷೇಧಿಸಲು ಅವರಿಗೆ ಆಗುವುದಿಲ್ಲ. ನಾಯಿ ಮಾಡಿದ ಗಲೀಜು ತೆಗೆಯುವುದು ಮಾತ್ರ ನಿಮ್ಮ ಕೆಲಸ, ಅದರಲ್ಲಿ ಜಗಳ ಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: ಗದಗದ ಹಳೆ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಇಲ್ಲಿಂದ ಒಂದು ಶೆಫರ್ಡ್ ಮರಿ ಕೊಂಡೊಯ್ದು ಕೊಡಲೇ ಅಂತ. ಬೇಡಮ್ಮ. ಎಪ್ಪತ್ತು ದಾಟಿದವರ ಕೈಗೆ ಮರಿ ಕೊಟ್ಟರೆ ಕಾವಲು ಅಲ್ಲ, ಬಾಣಂತನ. ಕಾಲಿಗೆ ಅಡ್ಡ ಬಂದು ಬೀಳಿಸಿದರೆ ಆ ವಯಸ್ಸಿನಲ್ಲಿ ಸೊಂಟ ಮುರಿಯುತ್ತದೆ. ಅವರ ಓಣಿಯಲ್ಲೇ ಎರಡು ಮೂರು ವರ್ಷದ ಒಂದು ಶಾಂತ ಹೆಣ್ಣು ನಾಯಿ ಇದ್ದೇ ಇರುತ್ತದೆ. ಬಹುಶಃ ನಿಮ್ಮ ಅಮ್ಮ ಈಗಾಗಲೇ ಅದಕ್ಕೆ ರೊಟ್ಟಿ ಹಾಕುತ್ತಿರಬಹುದು, ಫೋನ್ ಮಾಡಿ ಕೇಳಿ. ಇದ್ದರೆ ಅದಕ್ಕೆ ರೇಬೀಸ್ ಲಸಿಕೆ, ಸಂತಾನಹರಣ ಮಾಡಿಸಿ, ಕೊರಳಿಗೆ ಒಂದು ಪಟ್ಟಿ ಹಾಕಿ, ಪಡಸಾಲೆಯಲ್ಲಿ ಗೋಣಿಚೀಲ ಹಾಸಿ. ಮೊದಲ ಹದಿನೈದು ದಿನ ಊಟ ಅಪ್ಪನ ಕೈಯಿಂದಲೇ ಆಗಲಿ. ನೀವು ರಜೆಗೆ ಹೋದಾಗ ಅದು ನಿಮಗೇ ಬೊಗಳಿದರೆ ಬೇಜಾರು ಮಾಡಿಕೊಳ್ಳಬೇಡಿ.